ಹಣ್ಣಿನ ಮುಡಿಯ ಕೆಳಗಿನ ಕೊಕಾಡ: ಕಾರ್ಮೆನ್ ಮಿರಾಂಡ ಹೆಸರಿನ ಒಂದು ಸಿಹಿ

ಲಾಸ್ ಏಂಜಲೀಸ್ ನಗರದ ಹಾಲಿವುಡ್ ಭಾಗದಲ್ಲಿ, ಬುಲೆವಾರ್ಡಿನ ಗದ್ದಲದಿಂದ ಎರಡು ಬೀದಿ ಒಳಗಿರುವ ಒಂದು ಸಣ್ಣ ಬ್ರೆಜಿಲ್ ರೆಸ್ಟೋರೆಂಟಿನಲ್ಲಿ ಊಟದ ಕೊನೆಗೆ ಬಡಿಸುವ ಸಿಹಿಯೊಂದಕ್ಕೆ ‘ಕಾರ್ಮೆನ್ ಮಿರಾಂಡ’ ಎಂದೇ ಹೆಸರಿಟ್ಟಿದ್ದಾರೆ. ತಲೆಯ ಮೇಲೆ ಹಣ್ಣಿನ ಮುಡಿ ಹೊತ್ತು 1940ರ ದಶಕದ ಹಾಲಿವುಡ್ ಚಿತ್ರಗಳಲ್ಲಿ ಹೆಸರಾದ ಬ್ರೆಜಿಲ್‌ನ ಗಾಯಕಿ, ನಟಿ ಅವರು. ಬೆಲೆ 19 ಡಾಲರ್. ತೆರಿಗೆ ಮತ್ತು ಟಿಪ್ಸ್ ಅದರ ಮೇಲೆ. ಎರಡು ವಾರಗಳ ಅಂತರದಲ್ಲಿ ಎರಡು ಸಲ ಹೋಗಿ, ಎರಡೂ ಸಲ ಅದನ್ನೇ ತರಿಸಿ ತಿಂದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಹೇಳಬೇಕಾದ ಕೊರತೆಗಳೂ ಕೆಲವು ಇರುವುದರಿಂದ ರೆಸ್ಟೋರೆಂಟಿನ ಹೆಸರನ್ನು ಬರೆಯುವುದಿಲ್ಲ. ಆದರೆ ಕಾರ್ಮೆನ್ ಅವರ ಹಳೆಯ ಧ್ವನಿಮುದ್ರಿಕೆಗಳನ್ನು ವರ್ಷಗಳಿಂದ ಕೇಳುತ್ತ ಬಂದವನಾದ್ದರಿಂದ, ಆ ತಟ್ಟೆಯಲ್ಲಿ ಯಾವುದು ನಿಜವಾಗಿ ಅವರದು, ಯಾವುದು ಸ್ಟುಡಿಯೋ ಅವರ ತಲೆಯ ಮೇಲೆ ಹೊರಿಸಿದ್ದು ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕೆನಿಸಿದೆ.

ಮೊದಲು ಕಣ್ಣಿಗೆ ಬೀಳುವುದನ್ನು ಹೇಳುತ್ತೇನೆ. ಅಗಲವಾದ ಕಪ್ಪು ಮಣ್ಣಿನ ಬಟ್ಟಲಿನ ನಡುವೆ ಅಂಗೈಯಗಲದ ಕಂದು ಬಿಲ್ಲೆಯೊಂದು ಇರುತ್ತದೆ. ಆದರೆ ಬಂದ ಕ್ಷಣದಲ್ಲಿ ಅದು ಕಾಣುವುದಿಲ್ಲ. ಅದರ ಮೇಲೆ ಸಕ್ಕರೆಯಲ್ಲಿ ಬಾಡಿಸಿದ ಬಾಳೆಹಣ್ಣಿನ ಸೀಳುಗಳನ್ನೂ, ಕೆಂಡದ ಮೇಲೆ ಸುಟ್ಟ ಅನಾನಸ್ ಹೋಳುಗಳನ್ನೂ, ಪಪ್ಪಾಯಿಯ ತುಂಡುಗಳನ್ನೂ ಪೇರಿಸಿ, ಎರಡು ಬದಿಗೆ ಸ್ಟ್ರಾಬೆರಿಗಳನ್ನು ಸಾಲಾಗಿ ಜೋಡಿಸಿರುತ್ತಾರೆ. ಹಿಂಬದಿಯಲ್ಲಿ, ಕಾಗದದಷ್ಟು ತೆಳ್ಳಗೆ ಉದ್ದಕ್ಕೆ ಸೀಳಿ ಕರಿದ ಬಾಳೆಕಾಯಿಯ ಏಳು ಪಟ್ಟಿಗಳು ಬೀಸಣಿಗೆಯಂತೆ ಬಿಚ್ಚಿಕೊಂಡು ನೆಟ್ಟಗೆ ನಿಂತಿರುತ್ತವೆ. ಒಟ್ಟು ಎತ್ತರ ಒಂದು ಗೇಣಿಗಿಂತ ಹೆಚ್ಚು. ಬಡಿಸುವವರು ಬಟ್ಟಲನ್ನು ಮೇಜಿನ ಮೇಲಿಟ್ಟ ಮೇಲೆ ಪುಟ್ಟ ಗಿಂಡಿಯೊಂದರಿಂದ ಪ್ಯಾಶನ್ ಹಣ್ಣಿನ ಹಳದಿ ರಸವನ್ನು ಮೇಲಿನಿಂದ ಸುರಿಯುತ್ತಾರೆ. ಕಪ್ಪು ಬೀಜಗಳ ಸಮೇತ ಆ ರಸ ಹೋಳಿನಿಂದ ಹೋಳಿಗೆ ಇಳಿದು ತಳ ಸೇರುವವರೆಗೆ ಮೇಜಿನ ಸುತ್ತ ಕುಳಿತವರು ಮಾತು ನಿಲ್ಲಿಸಿ ನೋಡುತ್ತಾರೆ.

ಆ ಬಾಳೆಯ ಬೀಸಣಿಗೆ ಎಲ್ಲಿಂದ ಬಂತು ಎಂಬುದನ್ನು ಚಿತ್ರ ನೋಡಿದವರು ತಕ್ಷಣ ಗುರುತಿಸುತ್ತಾರೆ. 1943ರಲ್ಲಿ ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಸ್ಟುಡಿಯೋಗಾಗಿ ಬಸ್ಬಿ ಬರ್ಕ್ಲಿ ನಿರ್ದೇಶಿಸಿದ ‘ದಿ ಗ್ಯಾಂಗ್ಸ್ ಆಲ್ ಹಿಯರ್’ ಚಿತ್ರದಲ್ಲಿ, ಆಳೆತ್ತರದ ಬಾಳೆಹಣ್ಣುಗಳನ್ನು ಎತ್ತಿ ಇಳಿಸುತ್ತ ಸಾಲು ಸಾಲು ನರ್ತಕಿಯರು ಕುಣಿಯುವ ಹಾಡೊಂದಿದೆ. ಅದರ ಕೊನೆಯ ನೋಟದಲ್ಲಿ ಕಾರ್ಮೆನ್ ನಿಂತಿರುತ್ತಾರೆ. ಕ್ಯಾಮೆರಾ ಹಿಂದೆ ಸರಿದಂತೆ ಅವರ ತಲೆಯ ಮೇಲಿನ ಬಾಳೆಗೊನೆ ಹರಡುತ್ತ ಏರುತ್ತ ಪರದೆಯ ಮೇಲಂಚನ್ನೇ ಮುಟ್ಟುತ್ತದೆ, ಎರಡು ಬದಿಗೆ ದೈತ್ಯಾಕಾರದ ಸ್ಟ್ರಾಬೆರಿಗಳ ಸಾಲು. ಅಡುಗೆಮನೆಯವರು ಆ ನೋಟವನ್ನು ಗಮನವಿಟ್ಟು ನೋಡಿದ್ದಾರೆ ಎಂಬುದರಲ್ಲಿ ಸಂಶಯವಿಲ್ಲ. ಸ್ಟ್ರಾಬೆರಿಗಳನ್ನು ಸುಮ್ಮನೆ ಚೆಲ್ಲದೆ ಎರಡು ಬದಿಗೆ ಸಾಲಾಗಿ ಇಟ್ಟಿರುವುದೇ ಅದಕ್ಕೆ ಸಾಕ್ಷಿ. ಯಾವುದೋ ನಾಲ್ಕು ಹಣ್ಣು ಹೆಚ್ಚಿ ಹಾಕಿ ನಟಿಯ ಹೆಸರು ಅಂಟಿಸುವ ಅಂಗಡಿಗಳನ್ನು ನೋಡಿ ಬೇಸತ್ತಿದ್ದ ನನಗೆ ಇಷ್ಟು ಶ್ರದ್ಧೆ ಕಂಡು ಸಂತೋಷವಾಯಿತು.

ರುಚಿಯ ಮಾತಿಗೆ ಬಂದರೆ, ಮೇಲ್ಭಾಗದಲ್ಲಿ ಮೊದಲ ಮಾನ ಅನಾನಸ್ಸಿಗೆ ಸಲ್ಲಬೇಕು. ಹೋಳಿನ ಅಂಚು ಮಾತ್ರ ಕಪ್ಪಗಾಗಿ, ಒಳಗೆ ರಸ ಹಾಗೆಯೇ ಉಳಿಯುವಂತೆ ಸುಟ್ಟಿರುತ್ತಾರೆ. ಹೊಗೆಯ ವಾಸನೆ ಮೊದಲು, ಹುಳಿ ಆಮೇಲೆ, ಸಿಹಿ ಕೊನೆಗೆ ನಾಲಿಗೆಗೆ ಬರುತ್ತದೆ. ಪ್ಯಾಶನ್ ಹಣ್ಣಿನ ರಸಕ್ಕೆ ಸಕ್ಕರೆಯನ್ನು ಹೆಚ್ಚು ಬೆರೆಸದೆ ಬಿಟ್ಟಿರುವುದು ಜಾಣತನ, ಏಕೆಂದರೆ ಉಳಿದದ್ದೆಲ್ಲ ಸಿಹಿಯೇ ಆಗಿರುವಾಗ ಆ ಹುಳಿಯೇ ತಟ್ಟೆಯನ್ನು ಕಾಯುತ್ತದೆ. ಕರಿದ ಪಟ್ಟಿಗಳು ಮೊದಲ ಸಲ ಗರಿಗರಿಯಾಗಿದ್ದವು. ಎರಡನೆಯ ಸಲ ಮೆತ್ತಗಾಗಿ, ಹಲ್ಲಿಗೆ ಅಂಟುವಂತಿದ್ದವು. ಜನ ತುಂಬಿದ ಶನಿವಾರದ ಸಂಜೆ ಮೊದಲೇ ಕರಿದು ಇಟ್ಟಿದ್ದಿರಬೇಕು. ಬಾಳೆಹಣ್ಣಿನ ಸೀಳುಗಳು ಎರಡೂ ಸಲ ಅತಿಯಾಗಿ ಮಾಗಿದ್ದವು. ಸಕ್ಕರೆಯಲ್ಲಿ ಬಾಡಿಸುವ ಹಣ್ಣು ಸ್ವಲ್ಪ ಗಟ್ಟಿಯಾಗಿರಬೇಕು. ಇಲ್ಲವಾದರೆ ಬಾಣಲೆಯಲ್ಲೇ ಕರಗಿ ಮುದ್ದೆಯಾಗುತ್ತದೆ, ಇಲ್ಲಿಯೂ ಆದದ್ದು ಅದೇ. ಬಾಳೆಹಣ್ಣಿನ ಹೆಸರಿನಲ್ಲೇ ಮೆರೆಯುವ ತಿನಿಸಿನಲ್ಲಿ ಬಾಳೆಹಣ್ಣೇ ಹದ ತಪ್ಪಿರುವುದು ಸಣ್ಣ ದೋಷವಲ್ಲ. ಪಪ್ಪಾಯಿಯ ಬಗ್ಗೆ ಬರೆಯಲು ಏನೂ ಇಲ್ಲ, ಅದಿಲ್ಲದಿದ್ದರೂ ನಡೆಯುತ್ತಿತ್ತು.

ಹಣ್ಣುಗಳನ್ನು ಸರಿಸಿ ಚಮಚ ತಳ ಮುಟ್ಟಿದಾಗ ಆ ಕಂದು ಬಿಲ್ಲೆ ಸಿಗುತ್ತದೆ. ಅದು ಕೊಕಾಡ. ತೆಂಗಿನತುರಿಯನ್ನು ಸಕ್ಕರೆಯ ಪಾಕದಲ್ಲಿ ಮಗುಚಿ ಮಾಡುವ, ಬ್ರೆಜಿಲ್‌ನ ಈಶಾನ್ಯದ ಬಹಿಯಾ ರಾಜ್ಯದಲ್ಲಿ ಬೀದಿ ಬೀದಿಯಲ್ಲಿ ಮಾರುವ ಸಿಹಿ. ಬಿಳಿಯದೂ ಉಂಟು, ಕಪ್ಪಿನದೂ ಉಂಟು; ಇಲ್ಲಿ ಇಟ್ಟಿರುವುದು ಸಕ್ಕರೆಯನ್ನು ಕಂದಿಸಿ ಮಾಡಿದ ಕಪ್ಪು ಬಗೆಯದು. ಅದರ ಹದವನ್ನು ವರ್ಣಿಸದೆ ಮುಂದೆ ಹೋಗಲಾರೆ. ಮೇಲ್ಮೈ ಗಟ್ಟಿಯಾಗಿ, ಚಮಚದ ಅಂಚಿನಿಂದ ಒತ್ತಿದರೆ ಸಣ್ಣ ಸದ್ದಿನೊಂದಿಗೆ ಬಿರಿಯುತ್ತದೆ. ಒಳಗೆ ತುರಿ ಇನ್ನೂ ತೇವವಾಗಿ, ಎಳೆ ಎಳೆಯಾಗಿ ಬಿಡಿಸಿಕೊಳ್ಳುತ್ತದೆ. ಪಾಕವನ್ನು ಕಹಿಯ ಹೊಸ್ತಿಲಿನವರೆಗೆ ಕಾಯಿಸಿ, ಕಹಿಯಾಗುವ ಮೊದಲೇ ಒಲೆಯಿಂದ ಇಳಿಸಿದ್ದಾರೆ. ಇನ್ನು ಅರ್ಧ ನಿಮಿಷ ಬಿಟ್ಟಿದ್ದರೆ ಕರಕಲು ವಾಸನೆ ಬರುತ್ತಿತ್ತು, ಅರ್ಧ ನಿಮಿಷ ಮೊದಲು ಇಳಿಸಿದ್ದರೆ ಬರೀ ಸಕ್ಕರೆಯ ರುಚಿ ಉಳಿಯುತ್ತಿತ್ತು. ನುಂಗಿದ ಮೇಲೆ ಗಂಟಲಿನಲ್ಲಿ ಶುಂಠಿಯ ಖಾರ ನಿಧಾನವಾಗಿ ಏಳುತ್ತದೆ. ಮೇಲಿನಿಂದ ಇಳಿದು ಬಂದ ಪ್ಯಾಶನ್ ಹಣ್ಣಿನ ಹುಳಿ ಅಷ್ಟರಲ್ಲಿ ಬಿಲ್ಲೆಯ ಅಂಚನ್ನು ನೆನೆಸಿರುತ್ತದೆ, ಆ ಅಂಚಿನ ತುತ್ತೇ ಇಡೀ ತಟ್ಟೆಯಲ್ಲಿ ಶ್ರೇಷ್ಠವಾದದ್ದು. ಬಡಿಸುವ ಹೆಣ್ಣುಮಗಳನ್ನು ಕೇಳಿದಾಗ, ಅಡುಗೆಯವರು ಬಹಿಯಾದ ಸಾಲ್ವದೋರ್ ನಗರದವರೆಂದೂ, ಕೊಕಾಡವನ್ನು ದಿನವೂ ಬೆಳಿಗ್ಗೆ ತಾವೇ ನಿಂತು ಮಾಡುತ್ತಾರೆಂದೂ ಹೇಳಿದರು.

ಕೊಕಾಡವನ್ನು ತಳದಲ್ಲಿಟ್ಟಿರುವುದು ರುಚಿಯ ದೃಷ್ಟಿಯಿಂದ ಮಾತ್ರ ಒಳ್ಳೆಯ ತೀರ್ಮಾನವಲ್ಲ. ಕಾರ್ಮೆನ್ ಅವರ ಕಲೆ ನಿಂತದ್ದೇ ಆ ನೆಲದ ಮೇಲೆ. ಸಾಲ್ವದೋರ್‌ನ ಬೀದಿಗಳಲ್ಲಿ ತಿಂಡಿ ಮಾರುವ ಆಫ್ರಿಕನ್ ಮೂಲದ ಹೆಂಗಸರನ್ನು ಬಯಾನಾ ಎನ್ನುತ್ತಾರೆ. ಗಂಜಿ ಹಾಕಿದ ಬಿಳಿಯ ಲೇಸಿನ ಲಂಗ, ತಲೆಗೆ ಸುತ್ತಿದ ಬಟ್ಟೆ, ಕೊರಳ ತುಂಬ ಮಣಿಸರ, ಕೈತುಂಬ ಬಳೆ, ಎದುರಿಗೆ ತಿಂಡಿಯ ಹಲಗೆ. ಆ ಹಲಗೆಯ ಮೇಲೆ ಅಕರಾಜೆ ಎಂಬ ಅಲಸಂದೆಯ ವಡೆ ಇರುತ್ತದೆ, ಕೊಕಾಡವೂ ಇರುತ್ತದೆ. ಗುಲಾಮರಾಗಿ ತರಲ್ಪಟ್ಟವರ ಸಂತತಿಯ ಈ ಹೆಂಗಸರ ಕಸುಬನ್ನು ಬ್ರೆಜಿಲ್ ಸರ್ಕಾರದ ಪರಂಪರೆ ಸಂಸ್ಥೆಯು 2005ರಲ್ಲಿ ದೇಶದ ಸಾಂಸ್ಕೃತಿಕ ಪರಂಪರೆಯೆಂದು ದಾಖಲಿಸಿತು. ಕಾರ್ಮೆನ್ ಅವರು ಈ ಉಡುಗೆಯನ್ನು ತೆರೆಯ ಮೇಲೆ ಮೊದಲು ತೊಟ್ಟದ್ದು ‘ಬನಾನಾ ದ ತೆರ್ರಾ’ ಎಂಬ ಬ್ರೆಜಿಲ್ ಚಿತ್ರದಲ್ಲಿ, 1939ರಲ್ಲಿ. ಅಲ್ಲಿ ಅವರು ಹಾಡಿದ, ಬಹಿಯಾದ ಗೀತಕಾರ ದೊರಿವಾಲ್ ಕಾಯಿಮ್ಮಿ ಅವರ ರಚನೆಯು ಬಯಾನಾ ಹೆಂಗಸಿನ ಉಡುಗೆ ತೊಡುಗೆಗಳನ್ನೇ ಒಂದೊಂದಾಗಿ ಎಣಿಸುತ್ತದೆ. ಹರೆಯದಲ್ಲಿ ರಿಯೋ ದ ಜನೈರೊ ನಗರದ ಟೋಪಿಯಂಗಡಿಯೊಂದರಲ್ಲಿ ಕೆಲಸಕ್ಕಿದ್ದು ಟೋಪಿ ಕಟ್ಟುವುದನ್ನು ಕಲಿತಿದ್ದ ಅವರಿಗೆ, ತಲೆಯ ಮೇಲೆ ಪುಟ್ಟ ಬುಟ್ಟಿ ಮತ್ತು ಹಣ್ಣುಗಳನ್ನು ಕೂರಿಸಿ ಆ ಉಡುಗೆಯನ್ನು ವೇದಿಕೆಗೆ ಒಗ್ಗಿಸುವುದು ಕೈಗೆ ಬಂದ ವಿದ್ಯೆಯಾಗಿತ್ತು. ಅವರ ಎತ್ತರ ಸುಮಾರು ಐದು ಅಡಿ ಮಾತ್ರ. ದಪ್ಪ ಅಟ್ಟೆಯ ಪಾದರಕ್ಷೆ ಕೆಳಗಿನಿಂದ, ಮುಡಿಯ ಬುಟ್ಟಿ ಮೇಲಿನಿಂದ ಅವರನ್ನು ಎತ್ತರಕ್ಕೇರಿಸಿದವು. ತಾರೆಯರ ಕೈಗುರುತುಗಳಿಗೆ ಹೆಸರಾದ ಹಾಲಿವುಡ್‌ನ ಚೈನೀಸ್ ಥಿಯೇಟರಿನ ಅಂಗಳದಲ್ಲಿ 24 ಮಾರ್ಚ್ 1941ರಂದು ಅವರು ಸಿಮೆಂಟಿನಲ್ಲಿ ಮೂಡಿಸಿದ ಅಂಗೈ ಗುರುತಿನ ಮೇಲೆ ನನ್ನ ಕೈಯಿಟ್ಟು ನೋಡಿದೆ. ನನ್ನ ಬೆರಳುಗಳು ಸಾಕಷ್ಟು ಹೊರಗೆ ಉಳಿದವು.

ಇಷ್ಟು ತಿಳಿದು ತಿಂದಾಗ ಆ ತಟ್ಟೆ ಬೇರೆಯೇ ಆಗುತ್ತದೆ. ಮೇಲಿರುವ ಹಣ್ಣಿನ ರಾಶಿ ಫಾಕ್ಸ್ ಸ್ಟುಡಿಯೋದ್ದು, ಕೆಳಗಿರುವ ತೆಂಗಿನ ಬಿಲ್ಲೆ ಬಹಿಯಾದ್ದು. ಕಾರ್ಮೆನ್ ಅವರು ಯಾರ ಉಡುಗೆಯನ್ನು ತೊಟ್ಟು ಜಗತ್ಪ್ರಸಿದ್ಧರಾದರೋ ಆ ಹೆಂಗಸರ ಕೈಯ ಸಿಹಿಯನ್ನು ಅವರ ಹೆಸರಿನ ತಿನಿಸಿಗೆ ಬುನಾದಿಯಾಗಿ ಇಡುವುದು, ಸಾಲ್ವದೋರ್‌ನ ಅಡುಗೆಯವರಿಗೆ ಮಾತ್ರ ಹೊಳೆಯಬಹುದಾದ ಗೌರವ. ದುಃಖವೆಂದರೆ ಮೆನುವಿನಲ್ಲಿ ಅದರ ಒಂದು ಮಾತೂ ಇಲ್ಲ. ಅಲ್ಲಿ ಬರೆದಿರುವುದು ಎರಡೇ ಸಾಲು: ಕಾರ್ಮೆನ್ ಬ್ರೆಜಿಲ್‌ನಲ್ಲಿ ಹುಟ್ಟಿದವರು, ಹಣ್ಣಿನ ಟೋಪಿಯಿಂದ ಅಮೆರಿಕವನ್ನು ನಗಿಸಿದವರು. ಕೊಕಾಡದ ಹೆಸರನ್ನು ಬಿಟ್ಟು ‘ತೆಂಗಿನ ಕೇಕ್’ ಎಂದು ಸೇರಿಸಿದ್ದಾರೆ.

ಎರಡೂ ಸಾಲುಗಳಿಗೆ ನನ್ನ ಆಕ್ಷೇಪವಿದೆ. ಕಾರ್ಮೆನ್ ಹುಟ್ಟಿದ್ದು ಪೋರ್ಚುಗಲ್‌ನ ಉತ್ತರದ ಮಾರ್ಕೊ ದ ಕನವೇಸಿಸ್ ಎಂಬಲ್ಲಿ, 9 ಫೆಬ್ರವರಿ 1909ರಂದು. ಎಳೆಗೂಸಾಗಿದ್ದಾಗಲೇ ಕುಟುಂಬ ರಿಯೋಗೆ ಬಂತು, ತಂದೆ ಅಲ್ಲಿ ಕ್ಷೌರದ ಅಂಗಡಿ ನಡೆಸಿದರು. ಅಮೆರಿಕಕ್ಕೆ ಬರುವ ಮೊದಲೇ ಅವರು ಬ್ರೆಜಿಲ್‌ನಲ್ಲಿ 250ಕ್ಕೂ ಹೆಚ್ಚು ಹಾಡುಗಳನ್ನು ಧ್ವನಿಮುದ್ರಿಸಿದ್ದ ದೊಡ್ಡ ಗಾಯಕಿ. 1939ರಲ್ಲಿ ನ್ಯೂಯಾರ್ಕಿನ ನಾಟಕ ನಿರ್ಮಾಪಕ ಲೀ ಶೂಬರ್ಟ್ ಅವರು ರಿಯೋದ ಉರ್ಕಾ ಕ್ಯಾಸಿನೊದಲ್ಲಿ ಅವರ ಪ್ರದರ್ಶನ ನೋಡಿ ಬ್ರಾಡ್‌ವೇಗೆ ಕರೆದಾಗ, ತಮ್ಮ ಹಿಮ್ಮೇಳದ ಬಾಂಡೊ ದ ಲುವಾ ತಂಡವೂ ಜೊತೆಗೆ ಬರಬೇಕೆಂದು ಹಟ ಹಿಡಿದವರು ಅವರು; ಬ್ರೆಜಿಲ್‌ನ ಸಾಂಬಾ ಸಂಗೀತದ ಲಯ ಗೊತ್ತಿಲ್ಲದ ವಾದ್ಯಗಾರರ ಜೊತೆ ಹಾಡಲು ಅವರಿಗೆ ಮನಸ್ಸಿರಲಿಲ್ಲ. ಮರುವರ್ಷ ರಿಯೋಗೆ ಮರಳಿ ಅದೇ ಕ್ಯಾಸಿನೊದ ವೇದಿಕೆ ಹತ್ತಿದಾಗ ಅಲ್ಲಿನ ಶ್ರೀಮಂತ ಪ್ರೇಕ್ಷಕರು ತಣ್ಣಗೆ ಕುಳಿತರು. ಅಮೆರಿಕದವಳಾಗಿ ಹಿಂದಿರುಗಿದ್ದಾಳೆ ಎಂಬ ಆ ದೂರಿಗೆ ಅವರು ಉತ್ತರ ಕೊಟ್ಟದ್ದೂ ಸಾಂಬಾ ಹಾಡಿನಿಂದಲೇ. 1945ರ ಹೊತ್ತಿಗೆ ಅಮೆರಿಕದಲ್ಲಿ ಅತಿ ಹೆಚ್ಚು ಸಂಪಾದಿಸುತ್ತಿದ್ದ ಹೆಂಗಸು ಎಂದು ಹೆಸರಾಗಿದ್ದರು. ಇಂಥವರ ಬದುಕನ್ನು ‘ನಗಿಸಿದವರು’ ಎಂಬ ಒಂದು ಪದದಲ್ಲಿ ಮುಗಿಸುವುದು ಅನ್ಯಾಯ. ಅವರ ನಾಲಿಗೆಯ ಚುರುಕು, ಉಸಿರು ತೆಗೆದುಕೊಳ್ಳದೆ ಪದಗಳನ್ನು ತಾಳದ ಸಂದುಗಳಲ್ಲಿ ಕೂರಿಸುವ ಆ ಶಕ್ತಿ, ಕೈಬೆರಳುಗಳಲ್ಲೇ ನಡೆಯುವ ಕುಣಿತ, ಇವುಗಳಿಗೆ ಟೋಪಿಯ ಹಂಗಿರಲಿಲ್ಲ.

ಇನ್ನೊಂದು ಮಾತು. ಇದೇ ರೆಸ್ಟೋರೆಂಟಿನಲ್ಲಿ ಊಟದ ಮೊದಲಿಗೆ ಅಕರಾಜೆ ಸಿಗುತ್ತದೆ, 14 ಡಾಲರಿಗೆ ಎರಡು. ಅಲಸಂದೆ ಕಾಳನ್ನು ನೆನೆಸಿ, ಸಿಪ್ಪೆ ಕಳೆದು, ಈರುಳ್ಳಿಯೊಂದಿಗೆ ರುಬ್ಬಿ, ಡೆಂಡೆ ಎಂಬ ಕೆಂಪು ತಾಳೆ ಎಣ್ಣೆಯಲ್ಲಿ ಕರಿದು, ನಡುವೆ ಸೀಳಿ ಒಣಸಿಗಡಿ ಮತ್ತು ಖಾರದ ಗೊಜ್ಜು ತುಂಬಿಕೊಡುವ ತಿಂಡಿ. ಇಲ್ಲಿ ಅದನ್ನು ಬಹಳ ಚೆನ್ನಾಗಿ ಮಾಡುತ್ತಾರೆ: ಹೊರಗೆ ಕೆಂಪಗೆ ಗರಿಗರಿ, ಒಳಗೆ ಬೆಳ್ಳಗೆ ಹಗುರ, ಎಣ್ಣೆ ಜಿನುಗುವುದಿಲ್ಲ. ಸಿಗಡಿ ತಿನ್ನದವರಿಗೆ ಅದಿಲ್ಲದೆಯೂ ಮಾಡಿಕೊಡುತ್ತಾರೆ. ಕಾಯಿಮ್ಮಿ ಅವರೊಂದಿಗೆ ಕಾರ್ಮೆನ್ 1939ರಲ್ಲಿ ಧ್ವನಿಮುದ್ರಿಸಿದ ಹಾಡುಗಳಲ್ಲಿ ಒಂದು, ರಾತ್ರಿಯ ಬೀದಿಯಲ್ಲಿ ಅಕರಾಜೆ ಮಾರುತ್ತ ಹೋಗುವ ಕಪ್ಪು ಹೆಂಗಸಿನ ಕೂಗನ್ನೇ ಪಲ್ಲವಿಯಾಗಿ ಇಟ್ಟುಕೊಂಡದ್ದು. ಕಾರ್ಮೆನ್ ಅವರ ಹೆಸರಿನಲ್ಲಿ ಒಂದೇ ಒಂದು ತಿನಿಸು ಇರಬೇಕೆಂದರೆ ನನ್ನ ಮತ ಈ ಅಕರಾಜೆಗೆ. ಬಾಳೆಹಣ್ಣಿನೊಂದಿಗೆ ಅವರ ಹೆಸರು ಎಷ್ಟು ಗಟ್ಟಿಯಾಗಿ ಅಂಟಿಕೊಂಡಿದೆಯೆಂದರೆ, 1944ರಲ್ಲಿ ಯುನೈಟೆಡ್ ಫ್ರೂಟ್ ಕಂಪನಿ ತನ್ನ ಬಾಳೆಹಣ್ಣಿನ ಜಾಹೀರಾತಿಗೆ ಹುಟ್ಟುಹಾಕಿದ ಚಿಕೀಟಾ ಎಂಬ ಕಾರ್ಟೂನ್ ಪಾತ್ರವೂ ಅವರನ್ನೇ ಹೋಲುತ್ತಿತ್ತು. ಆ ಅಂಟನ್ನು ಬಿಡಿಸಲು ಒಂದು ಬ್ರೆಜಿಲ್ ಅಡುಗೆಮನೆಯಾದರೂ ಮನಸ್ಸು ಮಾಡಬೇಕು.

ಜಾಗ ಚಿಕ್ಕದು, ಹನ್ನೆರಡು ಮೇಜುಗಳಿದ್ದಾವು. ಶನಿವಾರ ಮುಂಗಡವಾಗಿ ಹೇಳದಿದ್ದರೆ ಕಾಯಬೇಕಾಗುತ್ತದೆ. ಬಡಿಸುವವರು ಸೌಜನ್ಯದವರು, ಆತುರಪಡಿಸುವುದಿಲ್ಲ. ಹಿನ್ನೆಲೆಯಲ್ಲಿ ಕಾರ್ಮೆನ್ ಅವರ ಹಾಡುಗಳನ್ನೇ ಹಾಕುತ್ತಾರೆ, ಆದರೆ ಅವರು ಅಮೆರಿಕದಲ್ಲಿ ಇಂಗ್ಲಿಷಿನಲ್ಲಿ ಹಾಡಿದವು ಮಾತ್ರ. ರಿಯೋದ ದಿನಗಳ ಮುದ್ರಿಕೆಗಳನ್ನೂ, ಅದರಲ್ಲೂ 1930ರಲ್ಲಿ ಇಡೀ ಬ್ರೆಜಿಲ್‌ನಲ್ಲಿ ಅವರ ಹೆಸರನ್ನು ಮನೆಮಾತಾಗಿಸಿದ ‘ತಾ-ಈ’ (Taí) ಎಂಬ ಮೆರವಣಿಗೆಯ ಲಯದ ಹಾಡನ್ನೂ ಸೇರಿಸಿದರೆ, ಕೇಳುವವರಿಗೆ ಆ ಧ್ವನಿಯ ನಿಜವಾದ ವಿಸ್ತಾರ ತಿಳಿಯುತ್ತದೆ.

ತರಿಸುವವರಿಗೆ ಒಂದೆರಡು ಸಲಹೆಗಳಿವೆ. ಈ ಸಿಹಿಯನ್ನು ಒಬ್ಬರೇ ಮುಗಿಸುವುದು ಕಷ್ಟ, ಇಬ್ಬರಿಗೆ ಧಾರಾಳವಾಗಿ ಸಾಕು. ಗೋಪುರದ ತುದಿಯಿಂದ ತಿನ್ನತೊಡಗಿದರೆ ಬಾಯಿ ಹಣ್ಣಿನ ಸಿಹಿಗೆ ಒಗ್ಗಿಹೋಗಿ, ಕೊಕಾಡ ಸಿಗುವ ಹೊತ್ತಿಗೆ ಅದರ ಸೂಕ್ಷ್ಮ ತಿಳಿಯದಂತಾಗುತ್ತದೆ. ಆದ್ದರಿಂದ ಬದಿಯಿಂದ ಚಮಚ ಇಳಿಸಿ, ಸುಟ್ಟ ಅನಾನಸ್ ಒಂದು ಚೂರು, ಕೊಕಾಡದ ಒಂದು ಚೂರು, ತಳದ ಹುಳಿರಸ, ಇವು ಮೂರೂ ಒಂದೇ ತುತ್ತಿನಲ್ಲಿ ಬರುವಂತೆ ತಿನ್ನಿರಿ. ವಾರದ ನಡುವಿನ ದಿನಗಳಲ್ಲಿ ಹೋದರೆ ಬಾಳೆಯ ಪಟ್ಟಿಗಳು ಆಗತಾನೆ ಕರಿದವಾಗಿರುವ ಸಾಧ್ಯತೆ ಹೆಚ್ಚು. ನನಗೆ ಗರಿಗರಿಯಾದವು ಸಿಕ್ಕಿದ್ದು ಒಂದು ಬುಧವಾರ.

ಆ ಬುಧವಾರ ಹಣ ಕೊಡುವಾಗ, ಮೆನುವಿನಲ್ಲಿ ಹುಟ್ಟಿದ ಊರು ತಪ್ಪಾಗಿದೆ, ಕೊಕಾಡವನ್ನು ಕೇಕ್ ಎಂದು ಕರೆದಿದ್ದೀರಿ ಎಂದು ಬಡಿಸಿದ ಹೆಣ್ಣುಮಗಳಿಗೆ ತಿಳಿಸಿದೆ. ಅವರು ಬೇಸರಿಸದೆ ಬಿಲ್ಲಿನ ಹಿಂಬದಿಯನ್ನು ನನ್ನತ್ತ ತಿರುಗಿಸಿ, ‘ಊರಿನ ಹೆಸರನ್ನು ದಯವಿಟ್ಟು ಇಲ್ಲಿ ಬರೆದುಕೊಡಿ, ಒಳಗೆ ತೋರಿಸುತ್ತೇನೆ’ ಎಂದರು. ಬರೆದುಕೊಟ್ಟೆ. ಎರಡನೆಯ ಸಲ ಹೋದಾಗ ಮೆನುವಿನ ಆ ಎರಡು ಸಾಲುಗಳು ಹಾಗೆಯೇ ಇದ್ದವು. ಆದರೆ ಗೋಡೆಯ ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಹೊಸದೊಂದು ಸಾಲು ಬಂದಿತ್ತು: ಕೊಕಾಡ ಮಾತ್ರ, ಎರಡು ಬಿಲ್ಲೆ, 6 ಡಾಲರ್. ಹಣ್ಣಿನ ತಟ್ಟೆಯನ್ನು ಮುಗಿಸಿದ ಮೇಲೂ ಅದನ್ನು ಬೇರೆಯಾಗಿ ತರಿಸಿ, ಒಂದನ್ನು ಅಲ್ಲೇ ತಿಂದು, ಇನ್ನೊಂದನ್ನು ಕಾಗದದಲ್ಲಿ ಕಟ್ಟಿಸಿಕೊಂಡು ಬಂದೆ.